ಸಾಹುಕಾರರ ಬೆಕ್ಕಿಗೆ ಸಕ್ಕರೆ ಕಾಯಿಲೆ

ಸಾಹುಕಾರರ ಮನೆಯ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಕೇಳಿದಾಗ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ. ಬೆಕ್ಕಿನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಸಾಹುಕಾರರ ಮೇಲೆ, ಅದೂ ಐದು ವರ್ಷದಿಂದ.

ನಾನು ಪಶು ವೈದ್ಯಕೀಯ ಪರೀಕ್ಷಕಿ. ಡಾಕ್ಟರಲ್ಲ, ಡಾಕ್ಟರ ಕೈಕೆಳಗೆ ಕೆಲಸ ಮಾಡುವವಳು. ಹೊನ್ನವಳ್ಳಿ ಸುತ್ತಿನ ಹಳ್ಳಿಗಳಿಗೆ ಸ್ಕೂಟರಿನಲ್ಲಿ ಹೋಗಿ ದನಗಳಿಗೆ ಲಸಿಕೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ನನ್ನ ಕೆಲಸ. ಊರವರು ಡಾಕ್ಟ್ರಮ್ಮ ಅನ್ನುತ್ತಾರೆ, ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಈ ಕೊಬ್ಬರಿ ಸಾಹುಕಾರರ ಮನೆಯಿಂದ ಫೋನ್ ಬಂತು. ಕರು ಹಾಕಿ ಎಂಟು ದಿನವಾಗಿದ್ದ ಸೀಮೆಹಸು ನೆಲ ಹಿಡಿದಿತ್ತು. ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು. "ಏನು ತಿನ್ನಿಸಿದ್ರಿ?" ಎಂದು ಮೂರು ಸಲ ಕೇಳಿದೆ. "ಒಣಹುಲ್ಲು, ಹಿಂಡಿ, ಅಷ್ಟೇ ಕಣಮ್ಮ" ಎಂದು ಮೂರು ಸಲವೂ ಸಾಹುಕಾರರೇ ಹೇಳಿದರು. ಈದ ಹಸು ಬಿದ್ದಿದೆ ಎಂದರೆ ಕ್ಯಾಲ್ಸಿಯಂ ಕಮ್ಮಿಯಾಗಿರಬೇಕು ಎಂದುಕೊಂಡೆ. ಡಾಕ್ಟರು ದೂರದಲ್ಲಿದ್ದರು. ಫೋನಿನಲ್ಲಿ ಕೇಳಿ, ನಾನೇ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟೆ. ಒಂದು ಗಂಟೆಯೊಳಗೆ ಹಸು ಸತ್ತುಹೋಯಿತು.

ಹಿಂದಿನ ದಿನ ಅವರ ಹೊಸ ಗೋಡೌನಿನ ಪೂಜೆಯಾಗಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. ನಮ್ಮ ಕಡೆ ಊಟ ಉಳಿದರೆ ಯಾರೂ ಚೆಲ್ಲುವುದಿಲ್ಲ, ಪುಣ್ಯ ಬರಲಿ ಎಂದು ದನದ ಬಾನಿಗೆ ಸುರಿಯುತ್ತಾರೆ. ಅನ್ನ ಪಾಯಸ ಬಕೆಟ್ಟುಗಟ್ಟಲೆ ತಿಂದ ಹಸುವಿನ ಹೊಟ್ಟೆ ಹುಳಿಯಾಗಿ ಕುದಿಯುತ್ತದೆ. ಅದಕ್ಕೆ ಕೊಡಬೇಕಾದ ಮದ್ದೇ ಬೇರೆ. ನನಗೆ ಅನುಮಾನ ಬಂದು ಡಾಕ್ಟರನ್ನು ಕರೆಸುವಷ್ಟರಲ್ಲಿ ಸಾಹುಕಾರರು ಹಸುವನ್ನು ತೋಟದ ಅಂಚಿನಲ್ಲಿ ಹೂಳಿಸಿಬಿಟ್ಟಿದ್ದರು. ಮಾರನೇ ದಿನ ನನ್ನ ಮೇಲೆ ಅರ್ಜಿ ಹೋಯಿತು. ಈ ಹೆಂಗಸು ಹಾಕಿದ ಇಂಜೆಕ್ಷನ್ನಿನಿಂದಲೇ ಹಸು ಸತ್ತಿದೆ ಎಂದು ಅದರಲ್ಲಿತ್ತು. ನನ್ನನ್ನು ಚಿಕ್ಕನಾಯಕನಹಳ್ಳಿಯ ಆಚೆ ತುದಿಗೆ ಎತ್ತಿಹಾಕಿದರು. ಮೂರೂವರೆ ವರ್ಷ ಬಸ್ಸಿನಲ್ಲಿ ಓಡಾಡಿ ಮತ್ತೆ ಹೊನ್ನವಳ್ಳಿಗೆ ಬಂದಾಗಲೂ, "ಈ ಡಾಕ್ಟ್ರಮ್ಮ ಬೇಡ, ಬೇರೆಯೋರ್ನ ಕಳ್ಸಿ" ಅನ್ನುವ ಮನೆಗಳು ನಾಲ್ಕೈದು ಉಳಿದಿದ್ದವು.

ಹಾಗಾಗಿ ಸಾಹುಕಾರರ ಆಳು ಬಂದು, "ಬೆಕ್ಕಿಗೆ ದಿನಾ ಎರಡು ಸಲ ರಕ್ತ ಪರೀಕ್ಷೆ ಮಾಡ್ಬೇಕಂತೆ, ತಿಪಟೂರು ಡಾಕ್ಟ್ರು ನಿಮ್ಮನ್ನೇ ಕೇಳಿ ಅಂದ್ರು, ಬರ್ಬೇಕಂತೆ" ಎಂದಾಗ ಕಡ್ಡಿ ಮುರಿದ ಹಾಗೆ ಹೇಳಿದೆ. "ಬತ್ತೀನಿ. ಆದ್ರೆ ಅವ್ರೇ ಬಂದು ಕರೀಬೇಕು."

ಅವರು ಬಂದರು. ನಮ್ಮ ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು, "ಗುಂಡ ತುಂಬಾ ಸೊರಗಿಬುಟ್ಟವ್ನೆ ಕಣಮ್ಮ" ಅಂದರು. ಹಸುವಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಎತ್ತುವ ದಿನ ಬೇರೆ ಇದೆ ಎಂದುಕೊಂಡೆ.

ಗುಂಡ ಅವರ ಅಟ್ಟದ ಬೆಕ್ಕು. ನಮ್ಮ ಕಡೆ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕುತ್ತಾರೆ. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು ಗುಡುಗುಡು ಅನ್ನುವ ತನಕ ಇಲಿ ಬಾರದ ಹಾಗೆ ಕಾಯಬೇಕು. ಎಂಟು ವರ್ಷ ಗುಂಡ ಕಾಯ್ದಿದ್ದ. ಈಗ ಬಿಂದಿಗೆಗಟ್ಟಲೆ ನೀರು ಕುಡಿದು, ಅಷ್ಟೇ ಉಚ್ಚೆ ಹೊಯ್ದು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ನಡೆಯುತ್ತಿದ್ದ. ಸಾಹುಕಾರರಿಗೆ ಅವನ ಮೇಲೆ ಜೀವ ಎಂಬುದು ನೋಡಿದ ತಕ್ಷಣ ಗೊತ್ತಾಯಿತು. ನನಗೆ ಬೇಕಾಗಿದ್ದೂ ಅದೇ.

ಮೊದಲ ದಿನವೇ ಹೇಳಿಬಿಟ್ಟೆ. "ಸಾಹುಕಾರ್ರೇ, ನಾನು ಸೂಜಿ ಮುಟ್ಟಲ್ಲ. ಚುಚ್ಚೋದೂ ನೀವೇ, ಬರಿಯೋದೂ ನೀವೇ. ನಾನು ತೋರಿಸ್ಕೊಡ್ತೀನಿ ಅಷ್ಟೇ." ಮನೆಯಲ್ಲಿ ಮಾಡುವ ಪರೀಕ್ಷೆ ಮನೆಯವರೇ ಕಲಿಯಬೇಕು, ಅದು ಸರಿಯಾದ ಕ್ರಮವೇ. ಆದರೆ ನಾನು ಕ್ರಮಕ್ಕಾಗಿ ಹೇಳಲಿಲ್ಲ. ಈ ಸಲ ಏನಾದರೂ ಆದರೆ ಅದು ಅವರ ಕೈಯಿಂದಲೇ ಆಗಿರಬೇಕು, ಅವರದೇ ಅಕ್ಷರದಲ್ಲಿ ಇರಬೇಕು.

ಮನೆಯಲ್ಲಿ ಗ್ಲೂಕೋಮೀಟರ್ ಇತ್ತು. ಸಾಹುಕಾರರಿಗೂ ಸಕ್ಕರೆ ಕಾಯಿಲೆ. ಮಗಳು ತಂದುಕೊಟ್ಟ ಯಂತ್ರ ಡಬ್ಬಿಯಿಂದ ಆಚೆಗೇ ಬಂದಿರಲಿಲ್ಲ. ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಒಸಿ ಕಡಿಮೆ ತೋರಿಸುತ್ತದೆ. ದಿನಾ ಅದರಲ್ಲೇ ನೋಡಿದರೆ ಏರಿಳಿತ ತಿಳಿಯುತ್ತದೆ, ಸಾಕು ಎಂದು ಡಾಕ್ಟರು ಹೇಳಿದ್ದರು.

"ಮೊದ್ಲು ನಿಮ್ಮ ಬೆರಳಿಗೆ ಚುಚ್ಕೊಂಡು ಅಭ್ಯಾಸ ಮಾಡಿ" ಅಂದೆ.

"ನಂಗ್ಯಾಕಮ್ಮ?"

"ಕೈ ನಡುಗಬಾರ್ದಲ್ಲ, ಅದ್ಕೆ."

ಸಾಹುಕಾರರು ಕಣ್ಣು ಮುಚ್ಚಿಕೊಂಡು ಚುಚ್ಚಿಕೊಂಡರು. ಮೀಟರಿನಲ್ಲಿ ಇನ್ನೂರ ಎಂಬತ್ತೆಂಟು ಬಂತು. ನಾನು ಅದನ್ನು ಅವರ ಹೆಂಡತಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದೆ. ಆಯಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಯ್ಯೋ ಶಿವನೇ, ನೂರಾ ನಲವತ್ತು ಅಂತ ಹೇಳ್ಕೊಂಡು ಓಡಾಡ್ತಾರೆ ಕಣವ್ವ" ಅಂದರು. ನನಗೆ ಹೊಟ್ಟೆ ತಣ್ಣಗಾಯಿತು.

ಬೆಕ್ಕಿನ ರಕ್ತ ತೆಗೆಯುವುದು ಕಿವಿಯ ಅಂಚಿನಿಂದ. ಅಂಚಿನುದ್ದಕ್ಕೂ ಒಂದು ಸಣ್ಣ ನಾಳ ಹೋಗುತ್ತದೆ. ಅದಕ್ಕೂ ಅಂಚಿಗೂ ನಡುವೆ ಚುಚ್ಚಬೇಕು, ನಾಳಕ್ಕಲ್ಲ. ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ. ಹಿಡಿ ರಾಗಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ನಮ್ಮ ಕೈಗೆ ಹಿತವಾಗಿದೆ ಅನ್ನಿಸಿದ ಮೇಲೆ ಕಿವಿಗೆ ಒಂದು ನಿಮಿಷ ಒತ್ತಿ ಹಿಡಿಯಬೇಕು. ಆಮೇಲೆ ಒಂದೇ ಒಂದು ಸವರು ಕೊಬ್ಬರಿ ಎಣ್ಣೆ. ಎಣ್ಣೆಯ ಮೇಲೆ ರಕ್ತ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಎಣ್ಣೆ ಜಾಸ್ತಿಯಾದರೆ ರಕ್ತ ಹೀರುವ ಮೀಟರಿನ ಪಟ್ಟಿ ಹಾಳಾಗುತ್ತದೆ. ಕಿವಿಯ ಹಿಂದೆ ಹತ್ತಿ ಇಟ್ಟುಕೊಳ್ಳದಿದ್ದರೆ ಸೂಜಿ ನಮ್ಮ ಬೆರಳಿಗೇ ಬರುತ್ತದೆ. ಸಾಹುಕಾರರಿಗೆ ಮೂರು ಸಲ ಬಂತು. ಹತ್ತಿ ಇಟ್ಟುಕೊಳ್ಳಿ ಎಂದು ನಾನು ಎರಡನೇ ಸಲದ ತನಕ ಹೇಳಿರಲಿಲ್ಲ.

ಮೊದಲು ಪರೀಕ್ಷೆ, ಆಮೇಲೆ ಊಟ, ತಿಂದದ್ದು ನೋಡಿಕೊಂಡು ಇನ್ಸುಲಿನ್ ಒಂದು ಯೂನಿಟ್. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ. ಪರೀಕ್ಷೆಯಾದ ಮೇಲೆ ಗುಂಡನಿಗೆ ಕಡಲೆಕಾಳಿನಷ್ಟು ಬೆಣ್ಣೆ. ನಾಲ್ಕನೇ ದಿನಕ್ಕೆ ಬೆಣ್ಣೆಯ ಆಸೆಗೆ ಗುಂಡನೇ ಬಂದು ಚಾಪೆಯ ಮೇಲೆ ಕೂರತೊಡಗಿದ.

ತೊಡಕಾದದ್ದು ಊಟದ್ದು. ಡಾಕ್ಟರು ಹಾಲು ಅನ್ನ ಪೂರ್ತಿ ನಿಲ್ಲಿಸಿ, ಮೀನಿನ ಪುಡಿಯಿಂದ ಮಾಡಿದ ಪ್ಯಾಕೆಟ್ ಆಹಾರ ಬರೆದುಕೊಟ್ಟಿದ್ದರು. ಲಿಂಗ ಕಟ್ಟಿಕೊಂಡ ಮನೆಯಲ್ಲಿ ಮೀನಿನ ಪ್ಯಾಕೆಟ್ ಎಲ್ಲಿಡುವುದು? ಕೊನೆಗೆ ಅಂಗಳದಾಚೆ ಕಾಯಿ ಸುಲಿಯುವ ಕೊಟ್ಟಿಗೆಯಲ್ಲಿ ಒಂದು ಡಬ್ಬ, ಒಂದು ಬಟ್ಟಲು ಇಟ್ಟರು. ಸಾಹುಕಾರರು ಅಲ್ಲಿಗೆ ಹೋಗಿ ಮುಖ ತಿರುಗಿಸಿಕೊಂಡು ಬಡಿಸಿ, ಬಾವಿಕಟ್ಟೆಯಲ್ಲಿ ಕೈ ತೊಳೆದು ಒಳಗೆ ಬರುತ್ತಿದ್ದರು.

ಎರಡು ವಾರ ಅಂಕಿಗಳು ನೆಟ್ಟಗಿದ್ದವು. ಬೆಳಿಗ್ಗೆ ಮುನ್ನೂರರ ಆಸುಪಾಸು, ಸಂಜೆ ಇನ್ನೂರೈವತ್ತು. ಆದರೆ ವಾರಕ್ಕೊಂದು ದಿನ ಸಂಜೆ ನಾನೂರು ದಾಟುತ್ತಿತ್ತು. ನೋಟುಬುಕ್ಕು ತಿರುವಿ ನೋಡಿದೆ, ಎರಡೂ ಸೋಮವಾರ. ಮೂರನೇ ಸೋಮವಾರವೂ ನಾನೂರ ಇಪ್ಪತ್ತು. ಕಾರಣ ಏನೆಂದು ನನಗೆ ಸಂದೇಹವೇ ಇರಲಿಲ್ಲ. ಸೋಮವಾರ ಅವರ ಮನೆಯಲ್ಲಿ ಪೂಜೆ, ಸಿಹಿ. ಇಷ್ಟು ಸಕ್ಕರೆ ಇಟ್ಟುಕೊಂಡೂ ಸಾಹುಕಾರರು ಕದ್ದು ತಿನ್ನುತ್ತಾರೆ, ಬೆಕ್ಕಿಗೂ ತಿನ್ನಿಸುತ್ತಾರೆ. ಇದು ಅದೇ ಮನುಷ್ಯ, ಅದೇ ಬುದ್ಧಿ.

ಅವತ್ತೇ ಕೇಳಬಹುದಿತ್ತು. ಕೇಳಲಿಲ್ಲ. ಇನ್ನೊಂದೆರಡು ಸೋಮವಾರ ಆಗಲಿ, ಅವರ ಅಕ್ಷರದಲ್ಲೇ ಅಂಕಿ ಸೇರಲಿ, ಆಮೇಲೆ ಆ ಪುಸ್ತಕ ಅವರ ಮುಖಕ್ಕೆ ಹಿಡಿಯುತ್ತೇನೆ ಎಂದು ಕಾದೆ. ಡಾಕ್ಟರಿಗೆ ಫೋನ್ ಮಾಡಿ, "ಸಂಜೆ ನಾನೂರು ದಾಟ್ತಿದೆ ಮೇಡಂ" ಅಂದೆ.

"ದಿನಾಲೂನಾ?" ಅಂತ ಅವರು ಕೇಳಿದರು.

"ಆಗಾಗ" ಅಂದೆ. ಸೋಮವಾರ ಅನ್ನುವ ಮಾತು ನನ್ನ ಹತ್ತಿರವೇ ಇಟ್ಟುಕೊಂಡೆ. ಡಾಕ್ಟರು ಒಂದು ಯೂನಿಟ್ಟನ್ನು ಎರಡು ಮಾಡಿದರು.

ಮುಂದಿನ ಸೋಮವಾರ ಹನ್ನೊಂದೂವರೆಗೆ ಫೋನ್ ಬಂತು. ನಾನು ಅರಳಗುಪ್ಪೆಯಲ್ಲಿ ಕರುಗಳಿಗೆ ಲಸಿಕೆ ಹಾಕುತ್ತಿದ್ದೆ. ಸ್ಕೂಟರು ಓಡಿಸಿಕೊಂಡು ಬಂದಾಗ ಗುಂಡ ಅಂಗಳದಲ್ಲಿ ಮಗ್ಗುಲಾಗಿ ಬಿದ್ದು ಕೈಕಾಲು ಸೆಟೆಯುತ್ತಿದ್ದ. ಬಾಯಲ್ಲಿ ನೊರೆ. ಮೀಟರು ಮೂವತ್ತೊಂದು ತೋರಿಸಿತು. ಬೆಲ್ಲ ಕರಗಿಸಿ ತರಲು ಹೇಳಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವನ ಒಸಡಿಗೆ ಹಚ್ಚಿದೆ. ಕುಡಿಸಲು ಹೋದರೆ ಶ್ವಾಸಕ್ಕೆ ಹೋಗಿ ಸಾಯುತ್ತಾನೆ, ಹಚ್ಚುವುದಷ್ಟೇ. ಹಚ್ಚುತ್ತಿದ್ದಂತೆ ಸಾಹುಕಾರರ ಧ್ವನಿ ನನ್ನ ತಲೆಯ ಮೇಲೆ ಕೇಳಿಸಿತು. ಕಾಯಿ ಸುಲಿಯುತ್ತಿದ್ದ ಐದಾರು ಜನ ಕೆಲಸ ನಿಲ್ಲಿಸಿ ನೋಡುತ್ತಿದ್ದರು, ಅವರಿಗೆ ಹೇಳುವ ಹಾಗೆ ಹೇಳಿದರು.

"ನೋಡ್ರಪ್ಪ. ಅವತ್ತು ಹಸು ತೆಗುದ್ಲು, ಇವತ್ತು ಬೆಕ್ಕು. ಇವ್ಳ ಕೈಗುಣನೇ ಇಷ್ಟು."

ನಾನು ಬೆಲ್ಲ ಹಚ್ಚುತ್ತಲೇ ಇದ್ದೆ. ಹತ್ತು ನಿಮಿಷಕ್ಕೆ ಅರವತ್ತೆಂಟು, ಅರ್ಧ ಗಂಟೆಗೆ ನೂರಾ ಹತ್ತು. ಗುಂಡ ತಲೆ ಎತ್ತಿ ಕೂತ. ಆಗ ಕೇಳಿದೆ, "ಬೆಳಿಗ್ಗೆಯಿಂದ ಏನು ತಿನ್ನಿಸಿದ್ರಿ?"

"ಯಾವಾಗ್ಲೂ ತಿನ್ನೋದೇ ಕಣಮ್ಮ. ಇನ್ನೇನು."

ಐದು ವರ್ಷದ ಹಿಂದೆಯೂ ಇದೇ ದನಿ, ಇದೇ ಉತ್ತರ. ನನಗೆ ಮೈಯೆಲ್ಲ ಉರಿದುಹೋಯಿತು. ಗುಂಡ ಸತ್ತರೆ ಇನ್ನೊಂದು ಅರ್ಜಿ ಹೋಗುತ್ತದೆ, ಈ ಸಲ ನಂಬದೆ ಇರುವವರು ಯಾರೂ ಇರುವುದಿಲ್ಲ. ಸ್ಕೂಟರಿನ ಮೇಲೆ ಹೋಗುತ್ತಾ ಕಣ್ಣಲ್ಲಿ ನೀರು ಬಂತು. ದುಃಖಕ್ಕಲ್ಲ, ಸಿಟ್ಟಿಗೆ.

ಡಾಕ್ಟರು ಫೋನಿನಲ್ಲಿ ಚೆನ್ನಾಗಿ ಬೈದರು. ಮತ್ತೆ ಒಂದು ಯೂನಿಟ್ಟಿಗೆ ಇಳಿಸಿ, ಇನ್ನು ಮೇಲೆ ಇಡೀ ಹಗಲಿನ ಲೆಕ್ಕ ಸಿಗುವ ತನಕ ಔಷಧಿ ಬದಲಾಯಿಸುವ ಮಾತೇ ಇಲ್ಲ ಅಂದರು. ಬೆಳಿಗ್ಗೆಯಿಂದ ಸಂಜೆ ತನಕ ಎರಡೆರಡು ಗಂಟೆಗೆ ರಕ್ತ ನೋಡಿ ಬರೆಯಬೇಕು. ಯಾವ ದಿನ ಎಂದು ಅವರು ಹೇಳಲಿಲ್ಲ. ನಾನು ಸೋಮವಾರ ಆರಿಸಿಕೊಂಡು ರಜೆ ಹಾಕಿದೆ. ಮುಂಚೆ ಹೇಳಿದರೆ ಹುಷಾರಾಗಿಬಿಡುತ್ತಾರೆ ಎಂದು ಹೇಳದೆ ಕೇಳದೆ ಎಂಟೂಕಾಲಿಗೆ ಹೋಗಿ ಜಗಲಿಯ ಮೇಲೆ ಕೂತೆ.

ಸಾಹುಕಾರರು ಆಗ ತಾನೇ ಇನ್ಸುಲಿನ್ ಕೊಟ್ಟಿದ್ದರು. ಪುಸ್ತಕದಲ್ಲಿ ಮುನ್ನೂರ ಎರಡು ಎಂದು ಬರೆದಿತ್ತು. "ತಿಂದ್ನಾ?" ಅಂದೆ. "ತಿಂದವ್ನೆ" ಅಂದರು. ನಾನು ಎದ್ದು ಹೋಗಿ ಬಟ್ಟಲು ನೋಡಬೇಕಿತ್ತು. ನಾನು ನೋಡುತ್ತಿದ್ದದ್ದು ಅವರ ಕೈಯನ್ನು, ಬಾಯನ್ನು, ಯಾವಾಗ ಸಿಹಿ ಹೊರಗೆ ಬರುತ್ತದೆ ಎಂದು.

ಹತ್ತು ಗಂಟೆಗೆ ನೂರಾ ಎಂಬತ್ತು. ಹನ್ನೆರಡಕ್ಕೆ ಎಪ್ಪತ್ನಾಲ್ಕು. ಗುಂಡ ನಡೆಯಲು ಹೋಗಿ ಒಂದು ಕಡೆ ವಾಲಿದ. ನಾನು ಬಂದಾಗಿನಿಂದ ಪರೀಕ್ಷೆಯ ಬೆಣ್ಣೆ ಬಿಟ್ಟರೆ ಯಾರೂ ಅವನಿಗೆ ಏನೂ ಕೊಟ್ಟಿರಲಿಲ್ಲ, ಸಿಹಿಯನ್ನೂ ಇಲ್ಲ. ನಾನು ಕೊಟ್ಟಿಗೆಗೆ ಓಡಿದೆ. ಬಟ್ಟಲು ನಿನ್ನೆ ತೊಳೆದು ಬೋರಲು ಹಾಕಿದ ಹಾಗೇ ಇತ್ತು.

ತಿರುಗಿ ಬರುವಷ್ಟರಲ್ಲಿ ಸಾಹುಕಾರರ ಹೆಂಡತಿ ಚೊಂಬು ಹಿಡಿದುಕೊಂಡು ಗುಂಡನ ಪಕ್ಕ ಕೂತಿದ್ದರು. "ಸೋಮ್ವಾರ ಸೋಮ್ವಾರ ಹಿಂಗೇ ಸುಸ್ತಾಯ್ತದೆ ಕಣವ್ವ. ಉಷ್ಣ ಅಂತ ನಾನೇ ಎಳನೀರಿಗೆ ಒಸಿ ಬೆಲ್ಲ ಹಾಕಿ ಕುಡುಸ್ತೀನಿ. ಕುಡುದ್ರೆ ಎದ್ದು ಓಡಾಡ್ತಾನೆ. ಹೋದ್ ವಾರ ಪೂಜೆಗೆ ಕೂತಿದ್ದೆ, ತಡವಾಗೋಯ್ತು."

"ಬೆಳಿಗ್ಗೆ ಪ್ಯಾಕೆಟ್ ಹಾಕಿಲ್ವಾ?"

"ಸೋಮ್ವಾರ ಒಪ್ಪತ್ತು ಬಿಡೋತನ್ಕ ಮೀನಿನ ಡಬ್ಬ ತೆಗೀತಾರಾ? ಅಂಗಳದಾಗೂ ತೆಗಿಯಲ್ಲ. ನಾನು ಅವ್ರು ಬೇರೆ ಏನಾದ್ರೂ ಹಾಕಿರ್ತಾರೆ ಅಂದ್ಕಂಡೆ."

"ನಾನು ನೀನು ಹಾಲು ಹಾಕಿರ್ತೀಯ ಅಂದ್ಕಂಡೆ" ಅಂದರು ಸಾಹುಕಾರರು.

"ಒಪ್ಪತ್ತಿನ ದಿನ ಪೂಜೆ ಆಗೋತನ್ಕ ನಮ್ಮನೇಲಿ ಹಾಲು ಕಾಯುಸ್ತೀವಾ?"

ಅಷ್ಟೇ ಸಂಗತಿ. ಖಾಲಿ ಹೊಟ್ಟೆಗೆ ಇನ್ಸುಲಿನ್, ಮಧ್ಯಾಹ್ನ ಸಕ್ಕರೆ ಇಳಿದು ತೂರಾಟ, ಮೇಲೆ ಬೆಲ್ಲದ ಎಳನೀರು, ಸಂಜೆ ನಾನೂರು. ಆಯಮ್ಮನ ಬೆಲ್ಲ ಇಲ್ಲದಿದ್ದರೆ ಗುಂಡ ಮೊದಲನೇ ಸೋಮವಾರವೇ ಹೋಗಿರುತ್ತಿದ್ದ. ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು. ಸೋಮವಾರ ಯಾರ ಮನೆಯಲ್ಲಿ ಒಲೆ ಯಾವಾಗ ಹತ್ತುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಅವತ್ತೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ನನಗೆ ಉತ್ತರ ಬೇಕಿರಲಿಲ್ಲ, ಸಾಹುಕಾರರು ಸಿಕ್ಕಿಬೀಳಬೇಕಿತ್ತು.

ಎಳನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಗುಂಡನಿಗೆ ನೆಕ್ಕಿಸಿದೆವು. ಅವನು ಎದ್ದ ತಕ್ಷಣ ಸಾಹುಕಾರರ ಗಂಟಲೂ ಎದ್ದಿತು. "ಎಲ್ಲಾ ನಿನ್ನಿಂದ್ಲೇ ಕಣೇ. ಬೆಲ್ಲ ಹಾಕು ಅಂತ ಯಾರು ಹೇಳಿದ್ರು ನಿಂಗೆ? ಬೆಲ್ಲ ಹಾಕಿ ಹಾಕಿ ಬೆಕ್ಕು ಕೊಲ್ತಿದ್ದೆಯಲ್ಲ."

ಕಾಯಿ ಸುಲಿಯುವವರು ಮತ್ತೆ ಕೆಲಸ ನಿಲ್ಲಿಸಿದರು. ಆಯಮ್ಮ ಮುಖ ತಗ್ಗಿಸಿ, "ಹೂಂ, ತಪ್ಪು ನಂದೇ ಬುಡಿ" ಅಂದರು.

ಇಲ್ಲಿ ನಾನು ಸುಮ್ಮನಿದ್ದರೆ ನನಗೆ ಲಾಭವೇ ಇತ್ತು. ತಪ್ಪು ಆಯಮ್ಮನ ತಲೆಗೆ ಹೋಗುತ್ತಿತ್ತು, ನನ್ನ ಕೈ ಚೊಕ್ಕಟವಾಗಿರುತ್ತಿತ್ತು. ಆದರೆ ಸಾಹುಕಾರರ ಮುಖದಲ್ಲಿದ್ದ ನಿರಾಳ ನೋಡಿದೆ. ಹಸು ಸತ್ತ ದಿನ ನನ್ನ ಕಡೆ ಬೆರಳು ತೋರಿಸಿದ ಮೇಲೂ ಅವರ ಮುಖ ಹೀಗೇ ಇತ್ತು. ಇವತ್ತು ಬಾಯಿ ಮುಚ್ಚಿಕೊಂಡರೆ ನಾನೂ ಅವರೂ ಒಂದೇ ಆಗುತ್ತೇವೆ ಅನ್ನುವುದು ಒಂದು ಕಡೆ. ಅದಕ್ಕಿಂತ ಮುಖ್ಯವಾಗಿ, ಅವರನ್ನು ಸಿಕ್ಕಿಸಲು ನನ್ನ ಕೈಯಲ್ಲಿ ಉಳಿದದ್ದು ನನ್ನ ತಪ್ಪೊಂದೇ.

"ಅಮ್ಮನ ತಪ್ಪಲ್ಲ" ಅಂದೆ, ಅಂಗಳಕ್ಕೆಲ್ಲ ಕೇಳಿಸುವ ಹಾಗೆ. "ಔಷಧಿ ಎರಡರಷ್ಟು ಮಾಡಿಸಿದ್ದು ನಾನು. ಸೋಮವಾರ ಮಾತ್ರ ಜಾಸ್ತಿ ಬರ್ತಿದೆ ಅಂತ ಗೊತ್ತಿದ್ದೂ ಡಾಕ್ಟ್ರಿಗೆ ಹೇಳ್ಲಿಲ್ಲ. ಹೋದ್ ವಾರ ಗುಂಡ ಬಿದ್ದಿದ್ದು ನನ್ನಿಂದ."

ಸಾಹುಕಾರರು ಕಣ್ಣರಳಿಸಿದರು. "ಹಂಗನ್ನು. ನಿನ್ ಬಾಯಲ್ಲೇ ಬಂತು."

"ಬಂತು. ಈಗ ನಿಮ್ದು ಹೇಳಿ. ಹಸು ಅವತ್ತು ಏನು ತಿಂದಿತ್ತು?"

ಅವರು ಹೆಂಡತಿಯ ಕಡೆ ನೋಡಿದರು. ಆಯಮ್ಮ ಗುಂಡನ ಬೆನ್ನು ಸವರುತ್ತಲೇ, ತಲೆ ಎತ್ತದೆ ಹೇಳಿದರು. "ಹೇಳ್ರಿ. ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ. ಐದು ವರ್ಷದಿಂದ ಈ ಡಾಕ್ಟ್ರಮ್ಮ ಎದುರಾದ್ರೆ ನಂಗೆ ತಲೆ ಎತ್ತಕ್ಕಾಗಲ್ಲ."

ಸಾಹುಕಾರರು ನೆಲ ನೋಡುತ್ತಾ ಹೇಳಿದರು. "ಪಾಯ್ಸ. ಮೂರು ಬಕೆಟ್ಟು. ಅನ್ನನೂ ಇತ್ತು. ನಾನೇ ಸುರುದಿದ್ದು."

"ಗೊತ್ತಿದ್ದೂ ಅರ್ಜಿ ಬರೆದ್ರಾ?"

"ಊರೋರು ನಗ್ತಾರೆ ಅಂತ." ಆಮೇಲೆ, "ಮನ್ಸಲ್ಲಿ ಇಟ್ಕೋಬೇಡಮ್ಮ" ಅಂದರು.

"ಇಟ್ಕೊಂಡೇ ಇರ್ತೀನಿ ಸಾಹುಕಾರ್ರೇ. ಎರಡು ಗಂಟೆ ಆಯ್ತು, ಕಿವಿ ಬೆಚ್ಚಗೆ ಮಾಡಿ."

ಅವರು ರಾಗಿ ಗಂಟು ಬಿಸಿ ಮಾಡಿಸಿ ತಂದರು. ಕಿವಿಯ ಹಿಂದೆ ಹತ್ತಿ ಇಟ್ಟು ಚುಚ್ಚಿದರು, ಮೊದಲನೇ ಚುಚ್ಚಿಗೇ ರಕ್ತ ಬಂತು. ಸಂಜೆ ತನಕ ನಾನು ಜಗಲಿ ಬಿಟ್ಟು ಏಳಲಿಲ್ಲ. ರಾತ್ರಿಯೊಳಗೆ ಆ ಪಾಯಸದ ಸುದ್ದಿ ಊರೆಲ್ಲ ತಿರುಗಿತ್ತು. ಇಲಾಖೆಗೂ ಅವರ ಕೈಯಲ್ಲೇ ಒಂದು ಕಾಗದ ಬರೆಸಿಕೊಂಡೆ. ಅದನ್ನು ಯಾರಾದರೂ ಓದಿದರೋ ಇಲ್ಲವೋ ತಿಳಿಯದು. ಡಾಕ್ಟರಿಗೆ ನನ್ನ ತಪ್ಪು ಹೇಳಿ ಇನ್ನೊಂದು ಸಲ ಬೈಸಿಕೊಂಡೆ. "ಬೇಡ" ಅನ್ನುತ್ತಿದ್ದ ಮನೆಗಳಲ್ಲಿ ಎರಡು ಮನೆಯವರು ಈಗ ಕರೆಯುತ್ತಾರೆ.

ಸೋಮವಾರದ ಪ್ಯಾಕೆಟ್ಟನ್ನು ಕಾಯಿ ಸುಲಿಯುವ ಹೆಂಗಸೊಬ್ಬಳು ಬಂದು ಹಾಕುತ್ತಾಳೆ. ಗುಂಡ ಮೈ ಹಿಡಿದಿದ್ದಾನೆ, ಅಟ್ಟ ಹತ್ತುತ್ತಾನೆ. ಬೆಳಿಗ್ಗೆ ಏಳೂವರೆಗೆ ಬೆಣ್ಣೆಗಾಗಿ ತಾನೇ ಬಂದು ಕಿವಿ ಕೊಟ್ಟು ಕೂರುತ್ತಾನಂತೆ. ಏಳೂ ಮುಕ್ಕಾಲಿಗೆ ನನ್ನ ಫೋನ್ ಬಡಿದುಕೊಳ್ಳುತ್ತದೆ. ಮೊದಲನೇ ಸಲ ನಾನು ಎತ್ತುವುದಿಲ್ಲ. ಎರಡನೇ ಸಲ ಎತ್ತಿದಾಗ ಸಾಹುಕಾರರು ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರ ಹಾಗೆ ಹೇಳುತ್ತಾರೆ, "ನೂರಾ ಎಂಬತ್ತು ಕಣಮ್ಮ. ತಿಂದವ್ನೆ, ಬಟ್ಲು ನಾನೇ ನೋಡ್ದೆ. ಔಷಧಿ ಕೊಡ್ಲಾ?" ನಾನು ಸ್ವಲ್ಪ ಹೊತ್ತು ಬಿಟ್ಟು, "ಹೂಂ, ಕೊಡಿ" ಅನ್ನುತ್ತೇನೆ. ಗುಂಡ ಹತೋಟಿಗೆ ಬಂದಿದ್ದಾನೆ, ಸಾಹುಕಾರರು ದಿನಾ ನಿನಗೆ ಫೋನ್ ಮಾಡಬೇಕಾಗಿಲ್ಲ, ವಾರಕ್ಕೊಂದು ಸಲ ಅಂಕಿ ತಿಳಿಸಿದರೆ ಸಾಕು ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಯಿತು. ಸಾಹುಕಾರರಿಗೆ ಅದನ್ನು ನಾನಿನ್ನೂ ಹೇಳಿಲ್ಲ.